ಬ್ಯಾಂಕ್ ಹರಾಜಿನ ಮನೆ: ಕೊಳ್ಳುವವರೂ ಕಳೆದುಕೊಳ್ಳುವವರೂ ತಿಳಿದಿರಬೇಕಾದ ಸಂಗತಿಗಳು

ಮಹಾನಗರಗಳ ದಿನಪತ್ರಿಕೆಗಳ ಒಳಪುಟಗಳನ್ನು ತಿರುವಿ ಹಾಕುವಾಗ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಬ್ಯಾಂಕ್ ಪ್ರಕಟಣೆಗಳು ಸಾಲುಸಾಲಾಗಿ ಕಣ್ಣಿಗೆ ಬೀಳುತ್ತವೆ. ಸಾಲಗಾರನ ಹೆಸರು, ಜಾಮೀನುದಾರನ ಹೆಸರು, ಬಾಕಿ ಮೊತ್ತ, ಫ್ಲಾಟಿನ ವಿಳಾಸ, ಮೀಸಲು ಬೆಲೆ, ಹರಾಜಿನ ದಿನಾಂಕ, ಇವಿಷ್ಟೇ ಅದರಲ್ಲಿರುತ್ತವೆ. ಹೆಚ್ಚಿನವರು ಪುಟ ಮಗುಚಿ ಮುಂದೆ ಸಾಗುತ್ತಾರೆ. ಆದರೆ ಮಗನಿಗೊಂದು ಮನೆ, ನಿವೃತ್ತಿಯ ನಂತರಕ್ಕೊಂದು ಆಸರೆ ಎಂದು ವರ್ಷಗಟ್ಟಲೆ ಹಣ ಕೂಡಿಸಿಟ್ಟವರು ಅಲ್ಲಿಯೇ ಒಂದು ಕ್ಷಣ ತಡೆಯುತ್ತಾರೆ. ಅದೇ ಬಡಾವಣೆಯ ಪೇಟೆ ಧಾರಣೆಗಿಂತ ಕಡಿಮೆ ಬೆಲೆಗೆ ಮನೆ ಸಿಗುವುದಾದರೆ ಬೇಡವೆನ್ನುವವರು ಯಾರು?

ಇಂತಹ ಖರೀದಿಯ ಕುರಿತು ನಮ್ಮ ಓದುಗರಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಹರಾಜಿನ ಮನೆ ಎಂದರೆ ಲಾಭವೇ ಲಾಭವೆಂಬುದು ಒಂದಾದರೆ, ಅದು ಕಣ್ಣೀರಿನ ಮನೆ, ಮುಟ್ಟಲೇಬಾರದೆಂಬುದು ಇನ್ನೊಂದು. ಇವೆರಡೂ ಪೂರ್ಣ ಸತ್ಯವಲ್ಲವೆಂಬುದು ನಮ್ಮ ಅನಿಸಿಕೆ. ಹರಾಜಿನಲ್ಲಿ ಕಾಣುವ ರಿಯಾಯಿತಿ ಯಾರೋ ದಯೆಯಿಂದ ಕೊಟ್ಟ ದಾನವಲ್ಲ. ಆ ಮನೆಯ ಸುತ್ತ ಬಗೆಹರಿಯದೆ ಉಳಿದಿರುವ ಪ್ರಶ್ನೆಗಳ ಬೆಲೆಯೇ ಅದು. ಆ ಪ್ರಶ್ನೆಗಳಿಗೆ ಬಿಡ್ ಹಾಕುವ ಮೊದಲೇ ಉತ್ತರ ಹುಡುಕಿದವರಿಗೆ ಲಾಭ; ಹಣ ಕಟ್ಟಿದ ನಂತರ ಹುಡುಕಲು ಹೊರಟವರಿಗೆ ನಷ್ಟ.

ಕಾಯಿದೆಯ ಹಿನ್ನೆಲೆ

ಮೊದಲು ಬ್ಯಾಂಕುಗಳು ಬಾಕಿ ವಸೂಲಿಗಾಗಿ ಸಿವಿಲ್ ನ್ಯಾಯಾಲಯಗಳ ಮೆಟ್ಟಿಲೇರಬೇಕಾಗಿತ್ತು. 1993ರ ಕಾಯಿದೆಯ ಮೂಲಕ ಸಾಲ ವಸೂಲಾತಿ ನ್ಯಾಯಮಂಡಳಿಗಳು, ಅಂದರೆ ಡಿಆರ್‌ಟಿಗಳು, ಅಸ್ತಿತ್ವಕ್ಕೆ ಬಂದವು. 2002ರಲ್ಲಿ ಜಾರಿಗೆ ಬಂದ ಸರ್ಫೇಸಿ ಕಾಯಿದೆಯಂತೂ ಅಡಮಾನವಿಟ್ಟ ಆಸ್ತಿಯನ್ನು ನ್ಯಾಯಾಲಯದ ಡಿಕ್ರಿಯಿಲ್ಲದೆಯೇ ಸ್ವಾಧೀನಪಡಿಸಿಕೊಂಡು ಮಾರುವ ಅಧಿಕಾರವನ್ನು ಬ್ಯಾಂಕುಗಳಿಗೆ ನೀಡಿತು. 2004ರಲ್ಲಿ ಮರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾಯಿದೆಯನ್ನು ಎತ್ತಿಹಿಡಿಯಿತಾದರೂ, ನ್ಯಾಯಮಂಡಳಿಗೆ ಹೋಗುವ ಸಾಲಗಾರನು ಬೇಡಿಕೆಯ ಶೇಕಡಾ 75ರಷ್ಟು ಹಣವನ್ನು ಮೊದಲೇ ಠೇವಣಿ ಇಡಬೇಕೆಂಬ ಷರತ್ತನ್ನು ರದ್ದುಪಡಿಸಿತು.

ಸಹಕಾರಿ ಬ್ಯಾಂಕುಗಳಿಗೂ ಈ ಕಾಯಿದೆ ಅನ್ವಯಿಸುವುದೆಂದು 2020ರ ಮೇ ತಿಂಗಳಲ್ಲಿ ಸಂವಿಧಾನ ಪೀಠವು ತೀರ್ಪಿತ್ತಿದೆ. ಮುಂಬಯಿಯಲ್ಲಿ ಸಹಕಾರಿ ಬ್ಯಾಂಕುಗಳೊಂದಿಗೆ ನಿಕಟ ವ್ಯವಹಾರ ಇರಿಸಿಕೊಂಡಿರುವ ನಮ್ಮವರು ಇದನ್ನು ಗಮನಿಸಬೇಕು. ಇನ್ನೊಂದು ಮಾತು: ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಹಳೆಯ ಬ್ಯಾಂಕಿನ ಹೆಸರಿನಲ್ಲಿ ಬರೆದುಕೊಟ್ಟ ಅಡಮಾನ ಪತ್ರವನ್ನು ಈಗ ಹೊಸ ಬ್ಯಾಂಕು ಜಾರಿಗೊಳಿಸುತ್ತದೆ. ಕಡತದಲ್ಲಿ ಎರಡು ಹೆಸರು ಕಂಡರೆ ಗಾಬರಿಪಡಬೇಕಾಗಿಲ್ಲ.

ಮನೆ ಹರಾಜಿಗೆ ಬರುವ ಹಾದಿ

ಕಂತು 90 ದಿನಗಳಿಗೂ ಹೆಚ್ಚು ಕಾಲ ಬಾಕಿ ಉಳಿದಾಗ ಆ ಸಾಲವು ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ, ಎನಿಸಿಕೊಳ್ಳುತ್ತದೆ. ಅನಂತರ ಕಾಯಿದೆಯ 13(2)ನೆಯ ಕಲಮಿನ ಪ್ರಕಾರ 60 ದಿನಗಳೊಳಗೆ ಪೂರ್ಣ ಬಾಕಿ ತೀರಿಸುವಂತೆ ಬ್ಯಾಂಕು ನೋಟಿಸು ನೀಡುತ್ತದೆ. ಸಾಲಗಾರನು ಲಿಖಿತ ಆಕ್ಷೇಪ ಸಲ್ಲಿಸಿದರೆ ಬ್ಯಾಂಕು 15 ದಿನಗಳೊಳಗೆ ಕಾರಣಸಹಿತ ಉತ್ತರ ಕೊಡಬೇಕು. 60 ದಿನಗಳು ಕಳೆದರೂ ಹಣ ಬಾರದಿದ್ದರೆ 13(4)ನೆಯ ಕಲಮಿನಡಿ ಸ್ವಾಧೀನದ ಕ್ರಮ ಆರಂಭವಾಗುತ್ತದೆ. ಸ್ವಾಧೀನದ ಪ್ರಕಟಣೆಯನ್ನು ಮನೆಯ ಬಾಗಿಲಿಗೆ ಅಂಟಿಸಿ, 7 ದಿನಗಳೊಳಗೆ ಎರಡು ಪ್ರಮುಖ ದಿನಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು.

ಆಮೇಲೆ ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಮೀಸಲು ಬೆಲೆಯನ್ನು ನಿಗದಿಪಡಿಸಲಾಗುತ್ತದೆ. ಸಾಲಗಾರನಿಗೆ 30 ದಿನಗಳ ಮುನ್ಸೂಚನೆ ಕೊಟ್ಟು ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು. ಮೊದಲ ಹರಾಜು ನಡೆಯದೆ ಹೋದರೆ ಮುಂದಿನದಕ್ಕೆ 15 ದಿನಗಳ ಪ್ರಕಟಣೆ ಸಾಕು. ಹಲವು ಸಲ ಬಿಡ್ ಬಾರದ ಆಸ್ತಿಯ ಮೀಸಲು ಬೆಲೆಯನ್ನು ಬ್ಯಾಂಕು ಇಳಿಸುವುದುಂಟು. ಹೀಗೆ ಇಳಿದ ಬೆಲೆಯನ್ನು ಕಂಡು ಹಿಗ್ಗುವ ಮೊದಲು, ನಮಗಿಂತ ಮುಂಚೆ ಅದನ್ನು ನೋಡಿದವರು ಏಕೆ ಹಿಂದೆ ಸರಿದರೆಂದು ಕೇಳಿಕೊಳ್ಳುವುದು ಒಳಿತು.

ಸರಕಾರಿ ಸ್ವಾಮ್ಯದ ಬ್ಯಾಂಕುಗಳ ಹರಾಜಿನ ಆಸ್ತಿಗಳನ್ನು ಒಂದೆಡೆ ನೋಡಲು 2025ರ ಜನವರಿಯಲ್ಲಿ ‘ಬ್ಯಾಂಕ್‌ನೆಟ್’ ಎಂಬ ಪರಿಷ್ಕೃತ ಅಂತರ್ಜಾಲ ತಾಣವನ್ನು ಆರಂಭಿಸಲಾಗಿದೆ. ಪತ್ರಿಕೆಯಲ್ಲಿ ಕಂಡ ಪ್ರಕಟಣೆಯನ್ನು ಅಲ್ಲಿಯೂ ಬ್ಯಾಂಕಿನ ಶಾಖೆಯಲ್ಲಿಯೂ ತಾಳೆ ನೋಡಬೇಕು. ಮುಂಗಡ ಠೇವಣಿಯನ್ನು ಪ್ರಕಟಣೆಯಲ್ಲಿ ಸೂಚಿಸಿದ ವಿಧಾನದಲ್ಲಿ ಮಾತ್ರ ಕಟ್ಟಬೇಕು. “ಬ್ಯಾಂಕಿನೊಳಗೆ ಎಲ್ಲವನ್ನೂ ಮಾತಾಡಿದ್ದೇನೆ” ಎನ್ನುವ ದಲ್ಲಾಳಿಯ ಕೈಗೆ ಒಂದು ರೂಪಾಯಿಯನ್ನೂ ಕೊಡಕೂಡದು.

‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತು

ಪ್ರತಿಯೊಂದು ಹರಾಜು ಪ್ರಕಟಣೆಯಲ್ಲಿಯೂ ಆಸ್ತಿಯನ್ನು ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ ಮಾರಲಾಗುವುದೆಂಬ ವಾಕ್ಯವಿರುತ್ತದೆ. ಅದು ವಾಡಿಕೆಯ ಮಾತಲ್ಲ. ಖರೀದಿಯ ಅಪಾಯವೆಲ್ಲ ಅಡಗಿರುವುದು ಆ ಒಂದು ವಾಕ್ಯದಲ್ಲಿಯೇ. ಗೋಡೆಯ ಬಿರುಕು, ಹಳೆಯ ಬಾಕಿ, ಒಳಗೆ ವಾಸವಿರುವವರು, ಅನಧಿಕೃತ ವಿಸ್ತರಣೆ, ಇವೆಲ್ಲವನ್ನೂ ವಿಚಾರಿಸಿ ತಿಳಿಯುವ ಹೊಣೆ ಕೊಳ್ಳುವವನದು. ಬ್ಯಾಂಕು ತನಗೆ ತಿಳಿದಿರುವ ಋಣಭಾರಗಳನ್ನು ಪ್ರಕಟಣೆಯಲ್ಲಿ ನಮೂದಿಸಬೇಕು. ಆದರೆ “ಬ್ಯಾಂಕಿಗೆ ತಿಳಿದಂತೆ ಯಾವುದೇ ಋಣಭಾರವಿಲ್ಲ” ಎಂಬುದಕ್ಕೂ “ಋಣಭಾರವೇ ಇಲ್ಲ” ಎಂಬುದಕ್ಕೂ ಬಹಳ ಅಂತರವಿದೆ.

ವಿದ್ಯುತ್ ಬಾಕಿಯನ್ನೇ ತೆಗೆದುಕೊಳ್ಳೋಣ. 2023ರ ಮೇ ತಿಂಗಳಲ್ಲಿ ಕೆ. ಸಿ. ನಿನಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದ್ಯುತ್ ನಿಯಮಗಳಲ್ಲಿ ಅವಕಾಶವಿದ್ದಲ್ಲಿ ಹಿಂದಿನ ಮಾಲೀಕನ ಬಾಕಿಯನ್ನು ತೀರಿಸಿದರೆ ಮಾತ್ರ ಹೊಸ ಮಾಲೀಕನಿಗೆ ಸಂಪರ್ಕ ನೀಡುವುದಾಗಿ ಕಂಪನಿಯು ಷರತ್ತು ವಿಧಿಸಬಹುದೆಂದು ಹೇಳಿತು. ಹರಾಜಿನಲ್ಲಿ ಇದ್ದಂತೆಯೇ ಕೊಂಡವರ ಪ್ರಕರಣಗಳೇ ಅಲ್ಲಿ ವಿಚಾರಣೆಗೆ ಬಂದಿದ್ದವು. ಹೌಸಿಂಗ್ ಸೊಸೈಟಿಯ ನಿರ್ವಹಣಾ ಶುಲ್ಕದ ಪಾಡೂ ಬೇರೆಯಲ್ಲ. ಬ್ಯಾಂಕಿನ ಕಂತನ್ನೇ ಕಟ್ಟಲಾರದವನು ಸೊಸೈಟಿಯ ಬಿಲ್ಲು ಕಟ್ಟಿರುವ ಸಂಭವ ಕಡಿಮೆ. ಬಾಕಿ, ಅದರ ಮೇಲಿನ ಬಡ್ಡಿ, ದುರಸ್ತಿ ನಿಧಿ ಸೇರಿ ಲಕ್ಷಗಳಿಗೇರಿದ್ದರೆ, ಅದು ಇತ್ಯರ್ಥವಾಗದೆ ಸೊಸೈಟಿಯ ಸದಸ್ಯತ್ವ ಸಿಗುವುದು ಕಷ್ಟ. ಆದುದರಿಂದ ಬಿಡ್ ಹಾಕುವ ಮೊದಲು ಸೊಸೈಟಿಯ ಕಾರ್ಯದರ್ಶಿಯವರನ್ನು ಕಂಡು, ಬಾಕಿಯ ಮೊತ್ತವನ್ನು ಪತ್ರಮುಖೇನ ಪಡೆಯಬೇಕು. ಆಸ್ತಿ ತೆರಿಗೆ ಮತ್ತು ನೀರಿನ ಬಿಲ್ಲುಗಳ ವಿಚಾರಣೆಯೂ ಅಷ್ಟೇ ಅಗತ್ಯ.

ಬೀಗ ಯಾರ ಕೈಯಲ್ಲಿದೆ?

ಸ್ವಾಧೀನದಲ್ಲಿ ಎರಡು ವಿಧ. ಪ್ರಕಟಣೆ ಅಂಟಿಸಿ ಕಾಗದದ ಮೇಲೆ ಮಾತ್ರ ಪಡೆದದ್ದು ಸಾಂಕೇತಿಕ ಸ್ವಾಧೀನ. ಮನೆ ತೆರವುಗೊಳಿಸಿ ಬೀಗ ಹಾಕಿಕೊಂಡದ್ದು ಭೌತಿಕ ಸ್ವಾಧೀನ. ಪ್ರಕಟಣೆಯಲ್ಲಿ ‘ಸಾಂಕೇತಿಕ’ ಎಂದಿದ್ದರೆ ಹಳೆಯ ಕುಟುಂಬವೋ ಬಾಡಿಗೆದಾರರೋ ಒಳಗೆ ಇನ್ನೂ ವಾಸವಿರಬಹುದು ಎಂದೇ ತಿಳಿಯಬೇಕು. ಬ್ಯಾಂಕು 14ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರ ನೆರವು ಪಡೆದು ಮನೆ ತೆರವುಗೊಳಿಸಬಹುದಾದರೂ, ಅರ್ಜಿ, ಆದೇಶ, ಪೊಲೀಸ್ ಬಂದೋಬಸ್ತು ಎಂದು ಕಾಲ ಸರಿಯುತ್ತದೆ. ಅಷ್ಟು ಕಾಲವೂ ಕೊಂಡವನ ಹಣ ಸಿಕ್ಕಿಬಿದ್ದಿರುತ್ತದೆ. ಕೊಂಡವನು ತಾನೇ ಹೋಗಿ ಬೀಗ ಒಡೆಯುವಂತಿಲ್ಲ.

ಬಾಡಿಗೆದಾರರ ವಿಷಯ ಮುಂಬಯಿಯಲ್ಲಿ ಇನ್ನೂ ಸೂಕ್ಷ್ಮ. 2016ರ ಜನವರಿಯಲ್ಲಿ ವಿಶಾಲ್ ಕಲ್ಸಾರಿಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಾಡಿಗೆ ನಿಯಂತ್ರಣ ಕಾಯಿದೆಯ ರಕ್ಷಣೆ ಪಡೆದ ನೈಜ ಬಾಡಿಗೆದಾರನನ್ನು ಸರ್ಫೇಸಿಯ ಬಲದಿಂದ ಸುಲಭವಾಗಿ ಎಬ್ಬಿಸಲಾಗದೆಂದು ಸ್ಪಷ್ಟಪಡಿಸಿತು. 2019ರಲ್ಲಿ ಬಜರಂಗ್ ಅಗರ್ವಾಲ್ ಪ್ರಕರಣದಲ್ಲಿ, ಬಾಡಿಗೆದಾರನೆಂದು ಹೇಳಿಕೊಳ್ಳುವವನು ಅದನ್ನು ದಾಖಲೆಗಳಿಂದ ರುಜುವಾತುಪಡಿಸಬೇಕೆಂದೂ ತಿಳಿಸಿತು. ಪಗಡಿ ಪದ್ಧತಿಯ ಹಳೆಯ ಕಟ್ಟಡಗಳಲ್ಲಿ ಕಣ್ಣುಮುಚ್ಚಿ ಬಿಡ್ ಹಾಕುವುದು ತರವಲ್ಲ. ಪರಿಶೀಲನೆಗೆ ಬ್ಯಾಂಕು ಗೊತ್ತುಪಡಿಸಿದ ದಿನ ತಪ್ಪದೆ ಹೋಗಿ, ಒಳಗೆ ಯಾರಿದ್ದಾರೆ, ಯಾವ ಆಧಾರದ ಮೇಲೆ ಇದ್ದಾರೆ ಎಂಬುದನ್ನು ಕಣ್ಣಾರೆ ಕಂಡು ಬರಬೇಕು.

ಕಡತದ ಪರಿಶೀಲನೆ

ಆಸ್ತಿ ವ್ಯವಹಾರದಲ್ಲಿ ಅನುಭವವುಳ್ಳ ವಕೀಲರೊಬ್ಬರಿಂದ ಕನಿಷ್ಠ 30 ವರ್ಷಗಳ ದಾಖಲೆಗಳ ಶೋಧ ಮಾಡಿಸುವುದು ಸೂಕ್ತ. ಮುಂಬಯಿ, ಪುಣೆಗಳಲ್ಲಿ ಇದಕ್ಕೆ ಸರ್ಚ್ ರಿಪೋರ್ಟ್ ಮತ್ತು ಇಂಡೆಕ್ಸ್-2 ಆಧಾರವಾದರೆ, ಕರ್ನಾಟಕ, ಚೆನ್ನೈ, ಹೈದರಾಬಾದುಗಳಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪ್ರಮಾಣಪತ್ರ ದೊರೆಯುತ್ತದೆ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡಿದ ಅಡಮಾನವು ಅಲ್ಲಿ ಕಾಣದೇ ಇರಬಹುದು. ಅದಕ್ಕಾಗಿ 2011ರಲ್ಲಿ ಆರಂಭವಾದ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯನ್ನು ಅಲ್ಪ ಶುಲ್ಕ ತೆತ್ತು ಪರಿಶೀಲಿಸಬಹುದು. ಒಂದೇ ಫ್ಲಾಟನ್ನು ಎರಡು ಸಂಸ್ಥೆಗಳಲ್ಲಿ ಅಡವಿಟ್ಟಿದ್ದರೆ ಅದು ಬೆಳಕಿಗೆ ಬರುವುದು ಇಲ್ಲಿಯೇ.

ಮನೆ ಗಂಡ-ಹೆಂಡಿರ ಅಥವಾ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದ್ದರೆ ಅಡಮಾನ ಪತ್ರಕ್ಕೆ ಎಲ್ಲರೂ ಸಹಿ ಹಾಕಿದ್ದಾರೆಯೇ, ನೋಟಿಸು ಎಲ್ಲರಿಗೂ ತಲುಪಿದೆಯೇ ಎಂದು ನೋಡಬೇಕು. ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರವಿದೆಯೇ, ಷೇರು ಸರ್ಟಿಫಿಕೇಟು ಯಾರ ಹೆಸರಿನಲ್ಲಿದೆ, ಪುನರಭಿವೃದ್ಧಿಯ ಒಪ್ಪಂದವೇನಾದರೂ ಆಗಿದೆಯೇ ಎಂಬುದೂ ಮುಖ್ಯ. ಎಲ್ಲಕ್ಕಿಂತ ಮಿಗಿಲಾಗಿ ಡಿಆರ್‌ಟಿಯಲ್ಲಿ ಸಾಲಗಾರನ ದಾವೆ ಬಾಕಿ ಇದೆಯೇ ಎಂದು ವಿಚಾರಿಸಬೇಕು. ಬ್ಯಾಂಕಿನ ಕ್ರಮದಿಂದ ಬಾಧಿತರಾದ ಯಾರೇ ಆಗಲಿ 17ನೆಯ ಕಲಮಿನಡಿ 45 ದಿನಗಳೊಳಗೆ ಅಲ್ಲಿ ಮೊರೆ ಹೋಗಬಹುದು. ನೋಟಿಸು ನೀಡಿದ ಕ್ರಮದಲ್ಲಿ ಲೋಪ ಕಂಡುಬಂದರೆ ಹರಾಜೇ ರದ್ದಾಗಬಹುದು.

ಊರಿನಲ್ಲಿ ತೋಟ, ಗದ್ದೆ ಹರಾಜಿನಲ್ಲಿ ಅಗ್ಗಕ್ಕೆ ಸಿಗಬಹುದೆಂದು ಆಶಿಸುವವರೂ ಇದ್ದಾರೆ. ಕಾಯಿದೆಯ 31ನೆಯ ಕಲಮಿನ ಪ್ರಕಾರ ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಸರ್ಫೇಸಿ ಅನ್ವಯಿಸುವುದಿಲ್ಲ. ಅಂತಹ ಭೂಮಿಯನ್ನು ಸರ್ಫೇಸಿ ಹರಾಜಿನಲ್ಲಿ ಕಂಡರೆ, ಪಹಣಿ ಮತ್ತು ಭೂಪರಿವರ್ತನೆಯ ಆದೇಶವನ್ನು ನೋಡದೆ ಮುಂದುವರಿಯಬಾರದು.

ಹಣದ ಲೆಕ್ಕ

ಹರಾಜಿನ ಗಡುವುಗಳು ಸಾಮಾನ್ಯ ಖರೀದಿಯಂತೆ ಸಡಿಲವಲ್ಲ. ಒಂದು ಉದಾಹರಣೆ ನೋಡೋಣ. ಫ್ಲಾಟೊಂದರ ಮೀಸಲು ಬೆಲೆ 60 ಲಕ್ಷ ರೂಪಾಯಿ, ಮುಂಗಡ ಠೇವಣಿ ಶೇಕಡಾ 10 ಎಂದಿಟ್ಟುಕೊಳ್ಳೋಣ. 6 ಲಕ್ಷ ಕಟ್ಟಿ ಬಿಡ್ಡಿನಲ್ಲಿ ಭಾಗವಹಿಸಿದೆವು. 66 ಲಕ್ಷಕ್ಕೆ ಮನೆ ನಮ್ಮದಾಯಿತು. ನಿಯಮದಂತೆ ಬೆಲೆಯ ಶೇಕಡಾ 25, ಅಂದರೆ 16.5 ಲಕ್ಷವನ್ನು ಅದೇ ದಿನ ಅಥವಾ ತಪ್ಪಿದರೆ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು. ಮುಂಗಡ ಕಳೆದರೆ ಕೂಡಲೇ ಹೊಂದಿಸಬೇಕಾದದ್ದು 10.5 ಲಕ್ಷ. ಉಳಿದ 49.5 ಲಕ್ಷವನ್ನು ಮಾರಾಟ ದೃಢೀಕರಣಗೊಂಡ 15 ದಿನಗಳೊಳಗೆ ತೀರಿಸಬೇಕು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಗಡುವನ್ನು ವಿಸ್ತರಿಸಬಹುದು. ಆದರೆ ಅದು 3 ತಿಂಗಳನ್ನು ಮೀರುವಂತಿಲ್ಲ.

ಈ ಗಡುವು ತಪ್ಪಿದರೆ ಕಟ್ಟಿದ 16.5 ಲಕ್ಷವೂ ಮುಟ್ಟುಗೋಲಾಗುತ್ತದೆ. ಅಷ್ಟೂ ಹಣವನ್ನು ಬ್ಯಾಂಕು ಮುಟ್ಟುಗೋಲು ಹಾಕಿಕೊಳ್ಳಬಹುದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿಯಲ್ಲಿ ಷಣ್ಮುಗವೇಲು ಪ್ರಕರಣದಲ್ಲಿ ಎತ್ತಿಹಿಡಿದಿದೆ. ಬ್ಯಾಂಕಿಗೆ ಅದರಿಂದ ನಷ್ಟವಾಗಿಲ್ಲ, ಮನೆ ಮತ್ತೆ ಹೆಚ್ಚಿನ ಬೆಲೆಗೆ ಹೋಯಿತು ಎಂಬ ವಾದ ನಮ್ಮನ್ನು ರಕ್ಷಿಸುವುದಿಲ್ಲ. ಆದುದರಿಂದ ಗೃಹಸಾಲ ಮಂಜೂರಾಗಬಹುದೆಂಬ ಭರವಸೆಯ ಮೇಲೆ ಬಿಡ್ ಹಾಕಬಾರದು. ಸಾಂಕೇತಿಕ ಸ್ವಾಧೀನದಲ್ಲಿರುವ ಮನೆಗೆ ಸಾಲ ಕೊಡಲು ಸಂಸ್ಥೆಗಳು ಹಿಂಜರಿಯುವುದು ಸಹಜ. ಸಾಲ ಬೇಕಾದವರು ಬಿಡ್ಡಿಗೆ ಮುನ್ನವೇ ಆ ಆಸ್ತಿಯ ಹೆಸರಿನಲ್ಲಿಯೇ ಲಿಖಿತ ಒಪ್ಪಿಗೆ ಪಡೆದಿರಬೇಕು.

ಬೆಲೆಯ ಮೇಲೆ ಮುದ್ರಾಂಕ ಶುಲ್ಕ, ನೋಂದಣಿ, ಸೊಸೈಟಿ ಮತ್ತು ತೆರಿಗೆ ಬಾಕಿ, ದುರಸ್ತಿ, ವಕೀಲರ ಶುಲ್ಕ, ಮನೆ ಕೈಸೇರುವವರೆಗಿನ ಬಾಡಿಗೆ ಅಥವಾ ಬಡ್ಡಿ ಇವೆಲ್ಲವನ್ನೂ ಕೂಡಿಸಬೇಕು. ಬೆಲೆ 50 ಲಕ್ಷ ಅಥವಾ ಅದಕ್ಕೂ ಮಿಕ್ಕಿದ್ದರೆ ಶೇಕಡಾ 1ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲಿಯೇ ಕಡಿತಗೊಳಿಸಿ ಸರಕಾರಕ್ಕೆ ತುಂಬುವ ಹೊಣೆಯೂ ಕೊಂಡವನದೇ. ಮೇಲಿನ ಉದಾಹರಣೆಯಲ್ಲಿ ಅದು 66,000 ರೂಪಾಯಿ. ಒಟ್ಟು ಮೊತ್ತವನ್ನು ಪಕ್ಕದ ಕಟ್ಟಡದ ನಿರ್ವಿವಾದಿತ ಫ್ಲಾಟಿನ ಬೆಲೆಯೊಂದಿಗೆ ಹೋಲಿಸಿದಾಗ ನಿಜವಾದ ಉಳಿತಾಯ ಕಾಣುತ್ತದೆ. ಅಂತರ ಅತ್ಯಲ್ಪವಾಗಿದ್ದರೆ ಅಷ್ಟು ಅಪಾಯವನ್ನು ಮೈಮೇಲೆಳೆದುಕೊಳ್ಳುವುದು ವಿವೇಕವಲ್ಲ.

ಪೂರ್ಣ ಹಣ ಸಂದಾಯವಾದ ಮೇಲೆ ಬ್ಯಾಂಕಿನ ಅಧಿಕೃತ ಅಧಿಕಾರಿಯು ಮಾರಾಟ ಪ್ರಮಾಣಪತ್ರ ನೀಡುತ್ತಾರೆ. ಕೊಂಡವರ ಹಕ್ಕಿಗೆ ಅದೇ ಆಧಾರ. ಅದರೊಂದಿಗೆ ಮೂಲ ಹಕ್ಕುಪತ್ರಗಳನ್ನೂ, ಸ್ವಾಧೀನದ ಪತ್ರವನ್ನೂ ಕೇಳಿ ಪಡೆಯಲು ಮರೆಯಬಾರದು.

ಮನೆ ಉಳಿಸಿಕೊಳ್ಳಬೇಕಾದವರಿಗೆ

ಹರಾಜು ಪ್ರಕಟಣೆಯ ಇನ್ನೊಂದು ಬದಿಯಲ್ಲಿ ನಮ್ಮವರೇ ಇರಬಹುದೆಂಬುದನ್ನು ಮರೆಯಲಾಗದು. ಹೋಟೆಲು, ಕ್ಯಾಂಟೀನು, ಸಣ್ಣ ಉದ್ಯಮಗಳನ್ನು ನಂಬಿ ಈ ನಗರಗಳಿಗೆ ಬಂದ ಕುಟುಂಬಗಳಲ್ಲಿ ಭಾವನ ಸಾಲಕ್ಕೆ ಭಾವಮೈದುನ, ಅಣ್ಣನ ಸಾಲಕ್ಕೆ ತಮ್ಮ ಜಾಮೀನು ನಿಲ್ಲುವುದು ವಾಡಿಕೆ. ಸರ್ಫೇಸಿ ಕಾಯಿದೆಯಲ್ಲಿ ‘ಸಾಲಗಾರ’ ಎಂಬ ಪದದೊಳಗೆ ಜಾಮೀನುದಾರನೂ ಸೇರುತ್ತಾನೆ. ಜಾಮೀನಿಗೆಂದು ತನ್ನ ಮನೆಯ ಕಾಗದಪತ್ರಗಳನ್ನು ಬ್ಯಾಂಕಿನಲ್ಲಿಟ್ಟವನು, ತಾನು ಒಂದು ರೂಪಾಯಿ ಸಾಲ ಪಡೆಯದಿದ್ದರೂ, ಮನೆ ಕಳೆದುಕೊಳ್ಳಬಹುದು. ದಾಕ್ಷಿಣ್ಯಕ್ಕೆ ಸಹಿ ಹಾಕುವ ಮುನ್ನ ಮನೆಯವರೊಂದಿಗೆ ಕುಳಿತು ಮಾತಾಡುವುದು ಒಳ್ಳೆಯದು.

60 ದಿನಗಳ ನೋಟಿಸು ಕೈಸೇರಿದಾಗ ನಾಚಿಕೆಯಿಂದ ಅದನ್ನು ಮಡಚಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಲೆಕ್ಕದಲ್ಲಿ ತಕರಾರಿದ್ದರೆ ಲಿಖಿತವಾಗಿ ಆಕ್ಷೇಪಿಸಬೇಕು. ಒಂದಾವರ್ತಿ ತೀರುವಳಿಗೆ ಅಥವಾ ಕಂತುಗಳ ಮರುಹೊಂದಾಣಿಕೆಗೆ ಅರ್ಜಿ ಕೊಡಬೇಕು. ಮೊದಲು, ಮಾರಾಟಕ್ಕೆ ಗೊತ್ತುಪಡಿಸಿದ ದಿನದ ಮುನ್ನ ಪೂರ್ಣ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದಿತ್ತು. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜಿನ ಸಾರ್ವಜನಿಕ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 2023ರ ಸೆಪ್ಟೆಂಬರಿನಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಖಚಿತಪಡಿಸಿದೆ. ಕೊನೆಯ ಗಳಿಗೆಯಲ್ಲಿ ಬಂಧುಗಳಿಂದ ಹಣ ಕೂಡಿಸೋಣವೆಂದು ಕಾಯುವವರು ಈ ಬದಲಾವಣೆಯನ್ನು ಅಗತ್ಯವಾಗಿ ತಿಳಿದಿರಬೇಕು. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಹಣ ಬಂದರೆ, ಖರ್ಚು ಕಳೆದು ಉಳಿದದ್ದು ಮನೆಯ ಹಕ್ಕುದಾರನಿಗೆ ಸೇರತಕ್ಕದ್ದು. ಅದನ್ನು ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ.

ಮೂರನೆಯ ದಾರಿ

ಕೊಳ್ಳುವವರಿಗೂ ಕಳೆದುಕೊಳ್ಳುವವರಿಗೂ ಹಿತವಾದ ಇನ್ನೊಂದು ದಾರಿಯಿದೆ. 60 ದಿನಗಳ ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಸಾಲಗಾರನು ಮನೆ ಮಾರುವಂತಿಲ್ಲ. ಒಪ್ಪಿಗೆ ಪಡೆದರೆ ಮಾರಬಹುದು. ಬಾಕಿಯ ಹಣವನ್ನು ಕೊಳ್ಳುವವರು ನೇರವಾಗಿ ಸಾಲದ ಖಾತೆಗೆ ಕಟ್ಟಿ, ಮಿಕ್ಕಿದ್ದನ್ನು ಮಾಲೀಕರಿಗೆ ಕೊಟ್ಟು, ಬ್ಯಾಂಕಿನಿಂದ ಋಣಮುಕ್ತಿ ಪತ್ರ ಪಡೆದು ಕ್ರಯಪತ್ರ ನೋಂದಾಯಿಸಿಕೊಳ್ಳಬಹುದು. ಬೆಲೆ ಹರಾಜಿನಷ್ಟು ಕಡಿಮೆ ಇರಲಾರದು. ಆದರೆ ಮನೆಯ ಕೀಲಿಕೈ ಮಾಲೀಕರ ಕೈಯಿಂದಲೇ ಸಿಗುತ್ತದೆ. ಬಾಗಿಲಿಗೆ ಹರಾಜಿನ ಪ್ರಕಟಣೆ ಅಂಟುವುದಿಲ್ಲ. ಸೋತ ಕುಟುಂಬ ಒಂದಿಷ್ಟು ಹಣದೊಂದಿಗೆ, ತಲೆಯೆತ್ತಿ ಬೇರೆಡೆಗೆ ಹೋಗುತ್ತದೆ. ಬಂಧುಬಾಂಧವರ ಒಡನಾಟದಿಂದ ಇಂತಹ ಸಂಕಷ್ಟಗಳು ಮೊದಲೇ ಕಿವಿಗೆ ಬೀಳುವ ನಮ್ಮಂತಹ ಸಮುದಾಯಗಳಲ್ಲಿ ಇದು ಅಸಾಧ್ಯವೇನಲ್ಲ.

ಹರಾಜಿನಲ್ಲಿ ಕೊಳ್ಳುವುದು ಪಾಪವಲ್ಲ. ಕಾನೂನುಬದ್ಧ ಮಾರಾಟದಲ್ಲಿ ಯೋಗ್ಯ ಬೆಲೆ ತೆತ್ತವರು ಒಂದರ್ಥದಲ್ಲಿ ಸಾಲಗಾರನ ಹೊರೆಯನ್ನೂ ಇಳಿಸುತ್ತಾರೆ. ಆದರೆ ಕಡತ ಓದದೆ, ಮನೆ ನೋಡದೆ, ಕೈಯಲ್ಲಿ ಹಣವಿಲ್ಲದೆ ಬಿಡ್ ಹಾಕಿದವರು ತಾವೂ ಸೋತು, ಎರಡನೆಯ ಕುಟುಂಬವನ್ನೂ ಅದೇ ಸಂಕಷ್ಟಕ್ಕೆ ದೂಡುತ್ತಾರೆ. ಒಂದು ತಿಂಗಳ ವಿಚಾರಣೆ, ಒಬ್ಬ ನುರಿತ ವಕೀಲರ ಸಲಹೆ ಮತ್ತು ಮನೆಮಂದಿಯ ಸಮ್ಮತಿ ಇವು ಮೂರೂ ಇದ್ದರೆ ಮಾತ್ರ ಮುಂದುವರಿಯಿರೆಂದು ಓದುಗ ಬಾಂಧವರಲ್ಲಿ ನಮ್ಮ ವಿನಂತಿ.